ಮೂಳೆ ಮಜ್ಜೆಯ ಕಾಯಿಲೆ: ರಿಪೋರ್ಟಿನ ಯಾವ ಸಂಖ್ಯೆ ಏನು ಹೇಳುತ್ತದೆ?

ಅಪ್ಪನ ಮೊದಲ ರಿಪೋರ್ಟ್ ಕೈಗೆ ಬಂದಾಗ ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಎರಡು ಪುಟ, ಇಪ್ಪತ್ತೈದು ಸಾಲು. ಆರ್‌ಡಿಡಬ್ಲ್ಯು ಎಂಬ ಸಾಲಿನ ಪಕ್ಕ ದಪ್ಪ ಅಕ್ಷರದಲ್ಲಿ ‘ಹೈ’ ಎಂದಿತ್ತು. ರಾತ್ರಿಯಿಡೀ ಅದರ ಹಿಂದೆ ಬಿದ್ದೆ. ಮಾರನೇ ದಿನ ಡಾಕ್ಟರ್ ಆ ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಬೆರಳು ನೇರವಾಗಿ ಪುಟದ ಕೊನೆಗೆ ಹೋಯಿತು. ಅಲ್ಲಿ ಸಣ್ಣ ಅಕ್ಷರದಲ್ಲಿ, ಯಾವ ಗುರುತೂ ಇಲ್ಲದೆ ಒಂದು ವಾಕ್ಯವಿತ್ತು. ಸ್ಮಿಯರ್‌ನಲ್ಲಿ, ಅಂದರೆ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದ ರಕ್ತದಲ್ಲಿ, ಒಂದೆರಡು ಬ್ಲಾಸ್ಟ್ (ಇನ್ನೂ ಬಲಿಯದ ಕಣ) ಕಂಡಿವೆ ಅಂತ.

ರಿಪೋರ್ಟಿನ ‘ಹೈ’, ‘ಲೋ’ ಗುರುತು ಹಾಕುವುದು ಯಂತ್ರ. ಆರೋಗ್ಯವಂತರ ಮಿತಿಗೆ ಹೋಲಿಸಿ ಅದು ಗುರುತು ಹಾಕುತ್ತದೆ ಅಷ್ಟೇ. ಮಜ್ಜೆಯ ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂಬುದಕ್ಕೆ ಯಾವ ಸಂಖ್ಯೆ ಎಷ್ಟು ಮುಖ್ಯ ಅನ್ನೋದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಫೈಲನ್ನು ನಾನು ಈಗ ಯಾವ ಕ್ರಮದಲ್ಲಿ ಓದುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಡಾಕ್ಟರ್ ಜೊತೆ ಕೂತಾಗ ಸರಿಯಾದ ಪ್ರಶ್ನೆ ಕೇಳೋಕೆ ಇದು ಸಹಾಯವಾಗುತ್ತದೆ. ಚಿಕಿತ್ಸೆಯ ತೀರ್ಮಾನ ಅವರದೇ.

ಒಂದು ಮಾತ್ರ ಓದುವುದಕ್ಕೂ ಮುಂಚೆ ತಿಳಿದಿರಲಿ. ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) ಎಣಿಕೆ 500ಕ್ಕಿಂತ ಕೆಳಗಿದ್ದು 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟುವ ಜ್ವರ ಬಂದರೆ ಅದು ತುರ್ತು. ಪ್ಲೇಟ್‌ಲೆಟ್ ಕಡಿಮೆ ಇದ್ದು ರಕ್ತ ನಿಲ್ಲದಿದ್ದರೂ, ತಲೆನೋವು ಜೋರಾದರೂ ಹಾಗೆಯೇ. ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 1: ಕಾಗದಗಳನ್ನು ಬೇರೆ ಬೇರೆ ಮಾಡಿ

ಫೈಲಿನಲ್ಲಿ ಸಾಮಾನ್ಯವಾಗಿ ಐದು ಬಗೆಯ ರಿಪೋರ್ಟ್ ಇರುತ್ತವೆ. ಒಂದು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಇನ್ನೊಂದು ರಕ್ತದ ಸ್ಮಿಯರ್. ಮೂರನೆಯದು ಬೋನ್ ಮ್ಯಾರೋ. ಇದರಲ್ಲೇ ಎರಡು ಭಾಗ: ಸೂಜಿಯಲ್ಲಿ ಎಳೆದ ದ್ರವದ್ದೊಂದು, ಮೂಳೆಯ ಸಣ್ಣ ತುಂಡಿನದ್ದೊಂದು. ನಾಲ್ಕನೆಯದು ಫ್ಲೋ ಸೈಟೋಮೆಟ್ರಿ, ಅಂದರೆ ಕಣದ ಮೈಮೇಲಿನ ಗುರುತುಗಳನ್ನು ಯಂತ್ರದಲ್ಲಿ ಓದುವ ಪರೀಕ್ಷೆ. ಐದನೆಯದು ಕ್ರೋಮೋಸೋಮ್ ಮತ್ತು ಜೀನ್ ಪರೀಕ್ಷೆ. ಐದೂ ಒಂದೇ ದಿನ ಬರುವುದಿಲ್ಲ. ಕ್ರೋಮೋಸೋಮ್ ಮತ್ತು ಜೀನ್ ರಿಪೋರ್ಟಿಗೆ ವಾರಗಳೇ ಹಿಡಿಯಬಹುದು. ಅದು ಬರುವ ಮುಂಚೆ ಯಾರಾದರೂ ‘ಇಷ್ಟು ವರ್ಷ’ ಎಂದು ಹೇಳಿದರೆ, ಅರ್ಧ ಪರೀಕ್ಷೆ ಬರೆದವನಿಗೆ ರ‍್ಯಾಂಕ್ ಹೇಳಿದ ಹಾಗೆ.

ಹೆಜ್ಜೆ 2: ಶೇಕಡಾ ಬಿಡಿ, ನಿಜವಾದ ಎಣಿಕೆ ಹಾಕಿ

ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಬಿಳಿ ಕಣಗಳ ಒಟ್ಟು ಎಣಿಕೆ 2,400 ಇದೆ ಅಂದುಕೊಳ್ಳಿ. ನ್ಯೂಟ್ರೋಫಿಲ್ 40%, ಲಿಂಫೋಸೈಟ್ 52%. ರಿಪೋರ್ಟ್ ‘ಲಿಂಫೋಸೈಟ್ ಹೈ’ ಅನ್ನುತ್ತದೆ. ಲೆಕ್ಕ ಹಾಕಿ ನೋಡಿ. 2,400ರಲ್ಲಿ 52% ಅಂದರೆ 1,248. ದೊಡ್ಡವರಿಗೆ ಅದು ಮಾಮೂಲಿ ಎಣಿಕೆ, ಏನೂ ಜಾಸ್ತಿ ಆಗಿಲ್ಲ. ನ್ಯೂಟ್ರೋಫಿಲ್ 960. ಕಡಿಮೆಯಾಗಿರುವುದು ಅದು. ಪಕ್ಕದವನು ಕುಳ್ಳಾದ್ದರಿಂದ ಇವನು ಎತ್ತರ ಕಾಣುತ್ತಿದ್ದಾನೆ, ಅಷ್ಟೇ.

ನ್ಯೂಟ್ರೋಫಿಲ್‌ನ ಈ ನಿಜವಾದ ಎಣಿಕೆಗೆ ಎಎನ್‌ಸಿ ಎನ್ನುತ್ತಾರೆ. ಕಾಯಿಲೆಯ ಅಪಾಯ ಅಳೆಯುವ ಸ್ಕೋರಿಗೆ (ಹೆಜ್ಜೆ 7) ಬೇಕಾಗುವುದು ಇದೇ.

ಅಳತೆಯ ಘಟಕವನ್ನೂ ನೋಡಿಕೊಳ್ಳಿ. ಪ್ಲೇಟ್‌ಲೆಟ್ ಒಂದು ಲ್ಯಾಬಿನಲ್ಲಿ 62,000, ಇನ್ನೊಂದರಲ್ಲಿ 62, ಮತ್ತೊಂದರಲ್ಲಿ 0.62 ಲಕ್ಷ. ಮೂರೂ ಒಂದೇ. ಹಿಮೋಗ್ಲೋಬಿನ್ 86 ಎಂದು ಬಂದರೂ ಗಾಬರಿ ಬೇಡ. ಅದು ಲೀಟರಿಗೆ ಗ್ರಾಂ ಲೆಕ್ಕ, ನಮಗೆ ಗೊತ್ತಿರುವ ಲೆಕ್ಕದಲ್ಲಿ 8.6.

ಹೆಜ್ಜೆ 3: ಈ ಸಂಖ್ಯೆ ನಿಜವೇ ಅಂತ ಕೇಳಿ

ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ತೀರಾ ಕಡಿಮೆ ಬಂತಾ? ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ಆ ಗುಂಪನ್ನು ಎಣಿಸಲಾರದೆ ಕಡಿಮೆ ತೋರಿಸುತ್ತದೆ. ಸ್ಮಿಯರ್ ನೋಡಿದರೆ ಗೊತ್ತಾಗುತ್ತದೆ. ಸಿಟ್ರೇಟ್ ಟ್ಯೂಬಿನಲ್ಲಿ ರಕ್ತ ತೆಗೆದು ಮತ್ತೆ ಎಣಿಸಬಹುದು.

ಹಿಮೋಗ್ಲೋಬಿನ್ ಏರಿದೆ ಎಂದು ಖುಷಿಪಡುವ ಮುಂಚೆ ರಕ್ತ ಯಾವತ್ತು ಹಾಕಿದ್ದರು ನೋಡಿ. ಒಂದು ಯೂನಿಟ್ ಕೆಂಪು ಕಣ ಸುಮಾರು 1 ಗ್ರಾಂ ಏರಿಸುತ್ತದೆ. ಅದು ಮಜ್ಜೆಯ ದುಡಿಮೆ ಅಲ್ಲ, ದಾನಿಯದ್ದು. ಸ್ಟೀರಾಯ್ಡ್ ತೆಗೆದುಕೊಂಡರೆ ನ್ಯೂಟ್ರೋಫಿಲ್ ಏರುತ್ತದೆ. ಬಿಳಿ ಕಣ ಹೆಚ್ಚಿಸುವ ಜಿಸಿಎಸ್‌ಎಫ್ ಇಂಜೆಕ್ಷನ್ ಆದ ಮೇಲೂ ಏರುತ್ತದೆ.

ಬಿ12 ಮತ್ತು ಫೋಲೇಟ್ ಕೊರತೆಯನ್ನು ಮೊದಲೇ ನೋಡಿದ್ದಾರೆಯೇ ಕೇಳಿ. ಈ ಕೊರತೆ ಇದ್ದರೆ ಕೆಂಪು ಕಣ ದೊಡ್ಡದಾಗುತ್ತದೆ, ಮೂರೂ ಬಗೆಯ ಕಣ ಇಳಿಯಬಹುದು, ಮಜ್ಜೆಯ ಕಣಗಳೂ ವಿಚಿತ್ರವಾಗಿ ಕಾಣುತ್ತವೆ. ನೋಡಲು ಥೇಟ್ ಎಂಡಿಎಸ್ (ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಮಜ್ಜೆ ಸರಿಯಾದ ರಕ್ತಕಣ ಮಾಡಲಾಗದ ಕಾಯಿಲೆ). ತಾಮ್ರದ ಕೊರತೆ, ಮದ್ಯ, ಕೆಲವು ಔಷಧಿ ಕೂಡ ಇದೇ ವೇಷ ಹಾಕುತ್ತವೆ. ಇವೆಲ್ಲ ಸರಿಪಡಿಸಬಹುದಾದ ಕಾರಣಗಳು.

ಹೆಜ್ಜೆ 4: ಸಿಬಿಸಿಯಲ್ಲಿ ನೋಡಬೇಕಾದ ಸಾಲುಗಳು

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಎಎನ್‌ಸಿ: ಈ ಮೂರು ಮೊದಲು. ಆಮೇಲೆ ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ. ದೊಡ್ಡವರಿಗೆ 80ರಿಂದ 100 ಸರಿ. ಎಂಡಿಎಸ್‌ನಲ್ಲಿ ಹಲವರಿಗೆ 100 ದಾಟಿರುತ್ತದೆ.

ರೆಟಿಕ್ಯುಲೋಸೈಟ್ ಅನ್ನೋದು ಮಜ್ಜೆಯಿಂದ ಈಗಷ್ಟೇ ಹೊರಬಂದ ಎಳೆಯ ಕೆಂಪು ಕಣ. ಕಾರ್ಖಾನೆಯಿಂದ ಇವತ್ತು ಎಷ್ಟು ಮಾಲು ಹೊರಟಿತು ಎಂದು ಹೇಳುವ ಸಂಖ್ಯೆ ಇದೊಂದೇ. ಹಿಮೋಗ್ಲೋಬಿನ್ ಕಡಿಮೆ ಇದ್ದೂ ರೆಟಿಕ್ ಏರಿಲ್ಲ ಅಂದರೆ ಮಜ್ಜೆ ಸ್ಪಂದಿಸುತ್ತಿಲ್ಲ. ಇದನ್ನು ಹಲವು ಕಡೆ ಕೇಳದೆ ಮಾಡುವುದಿಲ್ಲ, ನೀವೇ ಕೇಳಿ.

ಇನ್ನು ನನ್ನ ನಿದ್ದೆ ಕೆಡಿಸಿದ ಆರ್‌ಡಿಡಬ್ಲ್ಯು. ಕೆಂಪು ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಅದು ಹೇಳುತ್ತದೆ. ಸುಮಾರು 11.5ರಿಂದ 14.5% ಮಾಮೂಲಿ. ಎಂಡಿಎಸ್‌ನಲ್ಲಿ ಇದು ತುಂಬಾ ಏರಿದವರ ಕಾಯಿಲೆ ಬೇಗ ಮುಂದುವರಿಯುವ ಪ್ರವೃತ್ತಿ ಇದೆ ಎಂದು ಕೆಲವು ಅಧ್ಯಯನಗಳು ಕಂಡಿವೆ. ಆದರೆ ಕಬ್ಬಿಣದ ಕೊರತೆಗೂ ಏರುತ್ತದೆ, ಬೇರೆಯವರ ರಕ್ತ ಹಾಕಿದರೂ ಏರುತ್ತದೆ. ಎಂಡಿಎಸ್‌ಗೆ ಬಳಸುವ ಮುಖ್ಯ ಸ್ಕೋರುಗಳಲ್ಲಿ ಇದಕ್ಕೆ ಜಾಗವಿಲ್ಲ. ಸುಳಿವು ಹೌದು, ತೀರ್ಪಲ್ಲ.

ಮೊನೋಸೈಟ್ ಎಂಬ ಬಿಳಿ ಕಣದ ಮೇಲೂ ಒಂದು ಕಣ್ಣಿರಲಿ. ನಿಜವಾದ ಎಣಿಕೆ 500 ದಾಟಿ, ಬಿಳಿ ಕಣಗಳಲ್ಲಿ 10% ಮೀರಿ, ತಿಂಗಳುಗಟ್ಟಲೆ ಹಾಗೇ ನಿಂತರೆ ಸಿಎಂಎಂಎಲ್ ಎಂಬ ಒಂದು ಬಗೆಯ ರಕ್ತಕ್ಯಾನ್ಸರ್ ಬಗ್ಗೆ ಯೋಚಿಸುತ್ತಾರೆ. ಮೊದಲು ಈ ಗೆರೆ 1,000ದಲ್ಲಿತ್ತು. 2022ರ ಹೊಸ ವರ್ಗೀಕರಣ ಅದನ್ನು ಕೆಳಗಿಳಿಸಿತು. ಹಳೆಯ ರಿಪೋರ್ಟ್ ಇದ್ದವರು ಇದನ್ನು ಗಮನಿಸಬೇಕು.

ಹೆಜ್ಜೆ 5: ಬ್ಲಾಸ್ಟ್ ಮತ್ತು ಸಿಡಿ ಗುರುತುಗಳು

ಬ್ಲಾಸ್ಟ್ ಅಂದರೆ ಇನ್ನೂ ಬಲಿಯದ ಮೊಳಕೆ ಕಣ. ಆರೋಗ್ಯವಂತರ ಮಜ್ಜೆಯಲ್ಲೂ 5%ಗಿಂತ ಕಡಿಮೆ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಹೊರಗಿನ ರಕ್ತದಲ್ಲಿ ಇರಬಾರದು. ಮಜ್ಜೆಯಲ್ಲಿ 20% ಮುಟ್ಟಿದರೆ ಅದನ್ನು ತೀವ್ರ ರಕ್ತಕ್ಯಾನ್ಸರ್ ಎಂದು ಕರೆಯುವುದು ರೂಢಿ. ಕೆಲವು ಜೀನ್ ಬದಲಾವಣೆ ಇದ್ದರೆ ಅದಕ್ಕಿಂತ ಕಡಿಮೆಗೂ ಹಾಗೆ ಕರೆಯುತ್ತಾರೆ.

ಬ್ಲಾಸ್ಟ್ ಶೇಕಡಾವಾರು ಎರಡು ಕಡೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಂದ 500 ಕಣ ಎಣಿಸಿದ್ದು ಒಂದು, ಫ್ಲೋ ಸೈಟೋಮೆಟ್ರಿಯದ್ದು ಇನ್ನೊಂದು. ಎರಡೂ ಹೊಂದದೆ ಇರಬಹುದು. ಮಜ್ಜೆ ಎಳೆಯುವಾಗ ರಕ್ತ ಬೆರೆತರೆ ಫ್ಲೋ ಕಡಿಮೆ ತೋರಿಸುತ್ತದೆ. ಸ್ಕೋರಿಗೆ ಕಣ್ಣಿಂದ ಎಣಿಸಿದ್ದನ್ನೇ ಹಿಡಿಯುತ್ತಾರೆ.

ಸಿಡಿ ಅನ್ನೋದು ಕಣದ ಮೈಮೇಲಿನ ಹೆಸರುಪಟ್ಟಿ. ಜಗತ್ತಿನ ಲ್ಯಾಬುಗಳು ಒಂದೇ ಗುರುತಿಗೆ ಹತ್ತು ಹೆಸರಿಟ್ಟು ಗೋಜಲಾದಾಗ 1982ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿ ನಂಬರ್ ಕೊಡುವ ಪದ್ಧತಿ ತಂದರು. ಸಿಡಿ34 ಮತ್ತು ಸಿಡಿ117 ಎಳೆಯ ಕಣದ ಗುರುತು. ಸಿಡಿ13, ಸಿಡಿ33 ಮೈಲಾಯ್ಡ್ ಮನೆತನದ್ದು. ಸಿಡಿ19 ಬಿ ಕಣಕ್ಕೆ, ಸಿಡಿ3 ಟಿ ಕಣಕ್ಕೆ, ಸಿಡಿ138 ಪ್ಲಾಸ್ಮಾ ಕಣಕ್ಕೆ.

ರಿಪೋರ್ಟಿನಲ್ಲಿ ಹತ್ತು ಕಡೆ ‘ಪಾಸಿಟಿವ್’ ನೋಡಿ ಅಕ್ಕ ಅತ್ತುಬಿಟ್ಟಿದ್ದಳು. ಇಲ್ಲಿ ಪಾಸಿಟಿವ್ ಅಂದರೆ ಕೆಟ್ಟದ್ದು ಅಂತ ಅಲ್ಲ. ಈ ಕಣ ಯಾವ ಮನೆಯದ್ದು ಎಂದು ಹೇಳಿದ್ದಾರೆ, ಅಷ್ಟೇ. ಕೆಲವು ಸಲ ಅದೇ ಗುರುತು ಔಷಧಿಗೆ ಬಾಗಿಲಾಗುತ್ತದೆ. ಸಿಡಿ20ಗೆ ರಿಟುಕ್ಸಿಮ್ಯಾಬ್, ಸಿಡಿ38ಕ್ಕೆ ಡಾರಾಟುಮುಮ್ಯಾಬ್, ಸಿಡಿ19ಕ್ಕೆ ಬ್ಲಿನಾಟುಮೊಮ್ಯಾಬ್.

ಮುನ್ನೋಟದ ವಿಷಯದಲ್ಲಿ ಫ್ಲೋದ ಬೆಲೆ ಜಾಸ್ತಿ ಇರುವುದು ಚಿಕಿತ್ಸೆ ಶುರುವಾದ ಮೇಲೆ. ಕಣ್ಣಿಗೆ ಕಾಣದಷ್ಟು ಉಳಿದ ಕಾಯಿಲೆಯನ್ನು ಎಂಆರ್‌ಡಿ ಎನ್ನುತ್ತಾರೆ. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ 0.01%, ಅಂದರೆ 10,000 ಕಣಗಳಲ್ಲಿ ಒಂದು, ಎಂಬ ಗೆರೆಯನ್ನು ಬಳಸುತ್ತಾರೆ. ಮೊದಲ ದಿನದ ಎಷ್ಟೋ ಸಂಖ್ಯೆಗಳಿಗಿಂತ ಈ ಒಂದು ಸಂಖ್ಯೆಯ ಮಾತು ಗಟ್ಟಿ.

ಹೆಜ್ಜೆ 6: ಕ್ರೋಮೋಸೋಮ್ ಸಾಲನ್ನು ಬಿಡಿಸಿ ಓದಿ

‘46,ಎಕ್ಸ್‌ವೈ[20]’ ಎಂದಿದ್ದರೆ 20 ಕಣ ನೋಡಿದ್ದಾರೆ, ಎಲ್ಲದರಲ್ಲೂ 46 ಕ್ರೋಮೋಸೋಮ್, ಗಂಡಸು, ಬದಲಾವಣೆ ಇಲ್ಲ. ‘47,ಎಕ್ಸ್‌ವೈ,+8[12]/46,ಎಕ್ಸ್‌ವೈ[8]’ ಎಂದಿದ್ದರೆ 12 ಕಣಗಳಲ್ಲಿ 8ನೇ ಕ್ರೋಮೋಸೋಮ್ ಒಂದು ಜಾಸ್ತಿ ಇದೆ, ಉಳಿದ 8 ಸರಿ ಇವೆ. ಚೌಕ ಆವರಣದ ಸಂಖ್ಯೆ ಕಣಗಳ ಲೆಕ್ಕ. ಮೈನಸ್ ಅಂದರೆ ಇಡೀ ಕ್ರೋಮೋಸೋಮ್ ಹೋಗಿದೆ. ‘ಡೆಲ್’ ಅಂದರೆ ತುಂಡು ಹೋಗಿದೆ. ‘ಕಾಂಪ್ಲೆಕ್ಸ್’ ಅಂದರೆ ಮೂರು ಅಥವಾ ಹೆಚ್ಚು ಬದಲಾವಣೆ.

ಹೆಜ್ಜೆ 7: ಎಂಡಿಎಸ್ ಆಗಿದ್ದರೆ ಸ್ಕೋರ್ ಹಾಕಿ ನೋಡಿ

ಇದರ ಮೇಲೆ ಸ್ವಲ್ಪ ಹೊತ್ತು ಕೂರೋಣ. ಯಾವ ಸಂಖ್ಯೆಗೆ ಎಷ್ಟು ತೂಕ ಅಂತ ಕೈಯಾರೆ ಕಾಣುವುದು ಇಲ್ಲೇ. 1997ರಲ್ಲಿ ಐಪಿಎಸ್‌ಎಸ್ ಎಂಬ ಸ್ಕೋರ್ ಬಂತು. 2012ರಲ್ಲಿ 7,012 ರೋಗಿಗಳ ಮಾಹಿತಿ ಹಿಡಿದು ಅದನ್ನು ತಿದ್ದಿ ಐಪಿಎಸ್‌ಎಸ್-ಆರ್ ಮಾಡಿದರು. ಐದೇ ಅಂಶ.

ಹಿಮೋಗ್ಲೋಬಿನ್ 10 ಅಥವಾ ಮೇಲಿದ್ದರೆ 0, 8ರಿಂದ 10ರೊಳಗೆ 1, 8ಕ್ಕಿಂತ ಕಡಿಮೆಗೆ 1.5.
ಪ್ಲೇಟ್‌ಲೆಟ್ 1 ಲಕ್ಷ ಅಥವಾ ಮೇಲಿದ್ದರೆ 0, 50,000ದಿಂದ 1 ಲಕ್ಷದೊಳಗೆ 0.5, 50,000ಕ್ಕಿಂತ ಕಡಿಮೆಗೆ 1.
ಎಎನ್‌ಸಿ 800 ಅಥವಾ ಮೇಲಿದ್ದರೆ 0, ಕಡಿಮೆಗೆ 0.5.
ಮಜ್ಜೆಯ ಬ್ಲಾಸ್ಟ್ 2%ವರೆಗೆ 0, 2 ದಾಟಿ 5ಕ್ಕಿಂತ ಕಡಿಮೆಗೆ 1, 5ರಿಂದ 10ಕ್ಕೆ 2, 10 ದಾಟಿದರೆ 3.
ಕ್ರೋಮೋಸೋಮ್‌ಗೆ 0ಯಿಂದ 4. ವೈ ಕ್ರೋಮೋಸೋಮ್ ಮಾತ್ರ ಹೋಗಿದ್ದರೆ 0. ಬದಲಾವಣೆ ಇಲ್ಲದಿದ್ದರೆ ಅಥವಾ 5ಕ್ಯೂ ತುಂಡು (5ನೇ ಕ್ರೋಮೋಸೋಮಿನ ಉದ್ದ ತೋಳಿನ ಭಾಗ) ಮಾತ್ರ ಹೋಗಿದ್ದರೆ 1. 8 ಒಂದು ಜಾಸ್ತಿ ಇದ್ದರೆ 2. 7 ಪೂರ್ತಿ ಹೋಗಿದ್ದರೆ ಅಥವಾ ಮೂರು ಬದಲಾವಣೆಗೆ 3. ಮೂರಕ್ಕಿಂತ ಜಾಸ್ತಿ ಬದಲಾವಣೆಗೆ 4.

ಒಟ್ಟು 1.5ರವರೆಗೆ ತೀರಾ ಕಡಿಮೆ ಅಪಾಯ, 3ರವರೆಗೆ ಕಡಿಮೆ, 4.5ರವರೆಗೆ ಮಧ್ಯಮ, 6ರವರೆಗೆ ಹೆಚ್ಚು, ಅದರ ಮೇಲೆ ತೀರಾ ಹೆಚ್ಚು.

ಈಗ ಒಂದು ಉದಾಹರಣೆ. ಹಿಮೋಗ್ಲೋಬಿನ್ 8.6, ಪ್ಲೇಟ್‌ಲೆಟ್ 62,000, ಎಎನ್‌ಸಿ 960, ಬ್ಲಾಸ್ಟ್ 4%, ಕ್ರೋಮೋಸೋಮ್ ಸರಿ ಇದೆ. 1, 0.5, 0, 1, 1. ಒಟ್ಟು 3.5, ಮಧ್ಯಮ. ಮುಂದಿನ ವಾರ ಹಿಮೋಗ್ಲೋಬಿನ್ 7.8ಕ್ಕೆ ಇಳಿಯಿತು ಅಂದುಕೊಳ್ಳಿ. ಮನೆಮಂದಿಯೆಲ್ಲ ಗಾಬರಿ. ಆದರೆ ಸ್ಕೋರ್ ಬರೀ ಅರ್ಧ ಏರಿ 4 ಆಗುತ್ತದೆ, ಗುಂಪು ಬದಲಾಗುವುದಿಲ್ಲ. ಅದೇ ಮೊದಲಿನ ಲೆಕ್ಕದಲ್ಲಿ 7ನೇ ಕ್ರೋಮೋಸೋಮ್ ಹೋಗಿದೆ ಎಂದು ರಿಪೋರ್ಟ್ ಬಂದರೆ 3.5 ಹೋಗಿ 5.5. ನೇರವಾಗಿ ಹೆಚ್ಚು ಅಪಾಯದ ಗುಂಪು. ದಿನವೂ ನಾವು ಎಣಿಸುವ ಹಿಮೋಗ್ಲೋಬಿನ್‌ಗಿಂತ ಒಂದೇ ಸಲ ಬಂದು ಫೈಲಿನ ಹಿಂದೆ ಸೇರಿದ ಆ ಒಂದು ಸಾಲಿನ ತೂಕ ಎಷ್ಟು ಅಂತ ಕಂಡಿತು, ಅಲ್ವಾ?

ಮಧ್ಯಮ ಗುಂಪು ಬಂದವರು ಇನ್ನೊಂದು ಕೇಳಿ. ಹಲವು ತಜ್ಞರು ಇದನ್ನು 3.5ರಲ್ಲಿ ಎರಡು ಮಾಡುತ್ತಾರೆ. ಅಲ್ಲಿವರೆಗೆ ಕಡಿಮೆ ಅಪಾಯದ ಕಡೆ, ಮೇಲಿದ್ದರೆ ಹೆಚ್ಚಿನ ಕಡೆ. ಚಿಕಿತ್ಸೆಯ ದಾರಿ ಇದರಿಂದ ಬದಲಾಗಬಹುದು.

2022ರಲ್ಲಿ ಐಪಿಎಸ್‌ಎಸ್-ಎಂ ಬಂತು. ಇದು 31 ಜೀನ್‌ಗಳನ್ನೂ ಸೇರಿಸುತ್ತದೆ, ಗುಂಪು ಆರು. ಕೈಯಲ್ಲಿ ಲೆಕ್ಕ ಹಾಕಲಾಗದು, ಕಂಪ್ಯೂಟರ್ ಬೇಕು. ಟಿಪಿ53 ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಮುನ್ನೋಟ ಕಠಿಣ. ಎಸ್‌ಎಫ್3ಬಿ1 ಬದಲಾವಣೆ ಒಂಟಿಯಾಗಿದ್ದರೆ ಸಾಮಾನ್ಯವಾಗಿ ಕಾಯಿಲೆ ನಿಧಾನ. ‘ಮ್ಯುಟೇಷನ್ ಇದೆ’ ಎಂದ ಕೂಡಲೇ ಕೈಚೆಲ್ಲಬೇಡಿ, ಯಾವುದು ಎಂದು ಕೇಳಿ.

ಹೆಜ್ಜೆ 8: ವರ್ಷಗಳ ಲೆಕ್ಕವನ್ನು ಸರಿಯಾಗಿ ಓದಿ

ಐಪಿಎಸ್‌ಎಸ್-ಆರ್‌ನ ಐದು ಗುಂಪುಗಳಿಗೆ ಮಧ್ಯಾಂಕ ಬದುಕು ಕ್ರಮವಾಗಿ 8.8, 5.3, 3.0, 1.6, 0.8 ವರ್ಷ. ಓದೋಕೆ ಕಷ್ಟವಾಗುತ್ತದೆ. ನನಗೂ ಆಯಿತು. 3 ವರ್ಷ ಅಂದರೆ ಮೂರಕ್ಕೆ ಮುಗಿಯುತ್ತದೆ ಅಂತ ಅಲ್ಲ. ಆ ಗುಂಪಿನ ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದರು, ಕೆಲವರು ತುಂಬಾ ಜಾಸ್ತಿ. ಜೊತೆಗೆ ಈ ಲೆಕ್ಕಕ್ಕೆ ಹಿಡಿದವರು ಕಾಯಿಲೆಯ ದಾರಿ ಬದಲಿಸುವ ಚಿಕಿತ್ಸೆ ಪಡೆಯದ ರೋಗಿಗಳು. ವಯಸ್ಸು, ಹೃದಯ, ಕಿಡ್ನಿ, ಓಡಾಡುವ ಶಕ್ತಿ ಈ ಐದು ಅಂಶಗಳಲ್ಲಿ ಇಲ್ಲವೇ ಇಲ್ಲ. ಅಂತರ್ಜಾಲದಲ್ಲಿ ಸಿಕ್ಕ ಸಂಖ್ಯೆ ಯಾವ ವರ್ಷದ್ದು, ಯಾವ ಗುಂಪಿನದ್ದು ಎಂದು ಗೊತ್ತಿಲ್ಲದಿದ್ದರೆ ಸುಮ್ನೆ ಪಕ್ಕಕ್ಕಿಡಿ.

ಇನ್ನೊಂದು ವ್ಯತ್ಯಾಸ ತಿಳಿದುಕೊಂಡರೆ ಒಳ್ಳೆಯದು. ಕೆಲವು ಗುರುತುಗಳು ಕಾಯಿಲೆಯ ವೇಗ ಹೇಳುತ್ತವೆ. ಕೆಲವು ಯಾವ ಔಷಧಿ ಹಿಡಿಯಬಹುದು ಎಂದು ಹೇಳುತ್ತವೆ. ಎಂಡಿಎಸ್‌ನಲ್ಲಿ ರಕ್ತದ ಎರಿಥ್ರೋಪೊಯೆಟಿನ್ (ಇಪಿಒ, ಕೆಂಪು ಕಣ ಮಾಡಲು ಮಜ್ಜೆಗೆ ಹೇಳುವ ಹಾರ್ಮೋನ್) ಮಟ್ಟ 500ಕ್ಕಿಂತ ಕಡಿಮೆ ಇದ್ದರೆ ಇಪಿಒ ಇಂಜೆಕ್ಷನ್‌ಗೆ ಸ್ಪಂದಿಸುವ ಸಾಧ್ಯತೆ ಜಾಸ್ತಿ. ಇಲ್ಲಿ ಕಡಿಮೆ ಬಂದರೇನೇ ಒಳ್ಳೆಯದು. 5ಕ್ಯೂ ತುಂಡು ಹೋಗಿದ್ದರೆ ಲೆನಾಲಿಡೊಮೈಡ್ ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಜ್ಜೆ 9: ಕಾಯಿಲೆ ಬೇರೆಯಾದರೆ ನೋಡುವ ಸಾಲೂ ಬೇರೆ

ಏಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಜ್ಜೆಯೇ ಬರಿದಾಗಿರುತ್ತದೆ. ಇಲ್ಲಿ ರಾಜ ಎಎನ್‌ಸಿ. ಮಜ್ಜೆಯ ಕಣ ತುಂಬಾ ಕಡಿಮೆಯಾಗಿ, ಎಎನ್‌ಸಿ 500ಕ್ಕಿಂತ ಕಡಿಮೆ, ಪ್ಲೇಟ್‌ಲೆಟ್ 20,000ಕ್ಕಿಂತ ಕಡಿಮೆ, ರೆಟಿಕ್ ಕೂಡ ತೀರಾ ಕಡಿಮೆ, ಈ ಮೂರರಲ್ಲಿ ಎರಡಿದ್ದರೆ ‘ತೀವ್ರ’. ಎಎನ್‌ಸಿ 200ಕ್ಕಿಂತ ಕೆಳಗಿಳಿದರೆ ‘ಅತಿ ತೀವ್ರ’. ಚಿಕಿತ್ಸೆಗೆ ಮುಂಚೆ ರೆಟಿಕ್ 25,000 ಮತ್ತು ಲಿಂಫೋಸೈಟ್ 1,000 ಅಥವಾ ಮೇಲಿದ್ದವರು ಎಟಿಜಿ ಥರದ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದ್ದು ಕಂಡುಬಂದಿದೆ. ಫ್ಲೋದಲ್ಲಿ ಸಿಡಿ55, ಸಿಡಿ59 ಇಲ್ಲದ ಕಣಗಳ ಸಣ್ಣ ಗುಂಪು ಸಿಕ್ಕರೆ ಅದಕ್ಕೆ ಪಿಎನ್‌ಎಚ್ ಕ್ಲೋನ್ ಎನ್ನುತ್ತಾರೆ. ಅದನ್ನು ಪದೇಪದೇ ಅಳೆದು ನೋಡುತ್ತಿರಬೇಕು.

ಮಜ್ಜೆಯಲ್ಲಿ ನಾರು ಬೆಳೆಯುವ ಮೈಲೋಫೈಬ್ರೋಸಿಸ್‌ನಲ್ಲಿ ಡಿಐಪಿಎಸ್‌ಎಸ್ ಎಂಬ ಸ್ಕೋರ್. ವಯಸ್ಸು 65 ದಾಟಿದ್ದರೆ 1, ಬಿಳಿ ಕಣ 25,000 ದಾಟಿದ್ದರೆ 1, ರಕ್ತದಲ್ಲಿ ಬ್ಲಾಸ್ಟ್ 1% ಅಥವಾ ಹೆಚ್ಚಿದ್ದರೆ 1, ಜ್ವರ-ರಾತ್ರಿ ಬೆವರು-ತೂಕ ಇಳಿತಕ್ಕೆ 1, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆಗೆ 2. ನೋಡಿ, ಇಲ್ಲಿ ಹಿಮೋಗ್ಲೋಬಿನ್‌ಗೇ ಜಾಸ್ತಿ ತೂಕ. ಈ ಸ್ಕೋರನ್ನು ಮೊದಲ ದಿನ ಮಾತ್ರ ಅಲ್ಲ, ನಡುವೆ ಯಾವಾಗ ಬೇಕಾದರೂ ಹಾಕಬಹುದು. ಜಾಕ್2, ಕ್ಯಾಲ್‌ಆರ್, ಎಂಪಿಎಲ್ ಎಂಬ ಮೂರು ಜೀನ್ ಕೂಡ ನೋಡುತ್ತಾರೆ. ಮೂರೂ ಸರಿ ಇದ್ದರೆ ಒಳ್ಳೆಯದು ಅನಿಸುತ್ತದೆ. ಆದರೆ ಇಲ್ಲಿ ಅದು ಒಳ್ಳೆಯ ಸೂಚನೆ ಅಲ್ಲ.

ಪ್ಲಾಸ್ಮಾ ಕಣದ ಕ್ಯಾನ್ಸರ್ ಆದ ಮೈಲೋಮಾದಲ್ಲಿ ರಕ್ತಕಣಕ್ಕಿಂತ ಬೀಟಾ-2 ಮೈಕ್ರೋಗ್ಲೋಬ್ಯುಲಿನ್, ಆಲ್ಬುಮಿನ್, ಎಲ್‌ಡಿಎಚ್ ಮತ್ತು ಕ್ರೋಮೋಸೋಮ್ ಮುಖ್ಯ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಜೀನ್‌ಗಳದ್ದೇ ಆಟ.

ಹೆಜ್ಜೆ 10: ಒಂದು ನೋಟ್‌ಬುಕ್ ಇಡಿ

ಒಂದು ಸಾಲಿಗೆ ಒಂದು ದಿನ. ತಾರೀಖು, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಎಎನ್‌ಸಿ, ರಕ್ತ ಹಾಕಿದ್ದು ಎಷ್ಟು ಯೂನಿಟ್, ಔಷಧಿ ಬದಲಾವಣೆ, ಜ್ವರ. ರಕ್ತ ಹಾಕುವ ಮುಂಚಿನ ಎಣಿಕೆಯನ್ನೇ ಬರೆಯಿರಿ. ಆದಷ್ಟೂ ಒಂದೇ ಲ್ಯಾಬಿಗೆ ಹೋಗಿ. ಪ್ಲೇಟ್‌ಲೆಟ್ 70,000ದಿಂದ 64,000 ಆದರೆ ಅದು ದಿನದ ಏರಿಳಿತ ಇರಬಹುದು. ಆರು ತಿಂಗಳಲ್ಲಿ 90, 75, 60, 45 ಸಾವಿರ ಎಂದು ಮೆಟ್ಟಿಲಿಳಿದರೆ ಡಾಕ್ಟರ್‌ಗೆ ತೋರಿಸಿ, ಮಜ್ಜೆಯನ್ನು ಮತ್ತೆ ನೋಡಬೇಕೇ ಕೇಳಿ. ಆರು ವಾರಕ್ಕೆ ಹಾಕುತ್ತಿದ್ದ ರಕ್ತ ಮೂರು ವಾರಕ್ಕೆ ಬಂದಿದೆ ಅನ್ನೋದು ಹಿಮೋಗ್ಲೋಬಿನ್ ಸಾಲಿನಲ್ಲಿ ಕಾಣುವುದೇ ಇಲ್ಲ. ನೋಟ್‌ಬುಕ್‌ನಲ್ಲಿ ಕಾಣುತ್ತದೆ.

ಯೂನಿಟ್‌ಗಳ ಒಟ್ಟು ಲೆಕ್ಕವೂ ಇರಲಿ. ರಕ್ತದ ಜೊತೆ ಕಬ್ಬಿಣವೂ ಮೈ ಸೇರುತ್ತದೆ. ಫೆರಿಟಿನ್ 1,000 ದಾಟಿದರೆ ಕಬ್ಬಿಣ ಹೊರಹಾಕುವ ಔಷಧಿ ಬೇಕೇ ಎಂಬ ಮಾತು ಬರುತ್ತದೆ. ಸೋಂಕಿದ್ದರೂ ಫೆರಿಟಿನ್ ಏರುವುದರಿಂದ ಜ್ವರದ ವಾರದಲ್ಲಿ ಮಾಡಿಸಿದ ಫೆರಿಟಿನ್ ಪಕ್ಕ ಒಂದು ಗುರುತು ಹಾಕಿಡಿ.

ಬೇರೆ ಡಾಕ್ಟರ್ ಅಭಿಪ್ರಾಯ ಕೇಳಬೇಕು ಅನಿಸಿದರೆ ಬರೀ ರಿಪೋರ್ಟ್ ಸಾಲದು. ಮಜ್ಜೆಯ ಸ್ಲೈಡ್ ಮತ್ತು ಮೂಳೆ ತುಂಡಿನ ಬ್ಲಾಕ್ (ಮೇಣದಲ್ಲಿ ಇಟ್ಟಿರುವ ತುಂಡು) ಬೇಕು. ಕ್ರೋಮೋಸೋಮ್ ರಿಪೋರ್ಟಿನ ಸಾರಾಂಶದ ಬದಲು ಆ ಪೂರ್ತಿ ಸಾಲೇ ಬೇಕು. ಜೊತೆಗೆ ನಿಮ್ಮ ನೋಟ್‌ಬುಕ್. ಸ್ಲೈಡ್ ಹುಡುಕಿ ಕೊಡೋಕೆ ಲ್ಯಾಬಿನವರು ಕೆಲವು ದಿನ ತೆಗೆದುಕೊಳ್ಳಬಹುದು. ಅಪಾಯಿಂಟ್‌ಮೆಂಟ್ ಸಿಗುವ ಮುಂಚೆಯೇ ಕೇಳಿಡಿ.